ಜರಿ ದಡಿಯ ಒಳಚಡ್ಡಿ

ನಮ್ಮ ಮನೆಯಲ್ಲಿ ಆ ಬಟ್ಟೆಗೆ ಹೆಸರೇ ಇರಲಿಲ್ಲ. ಅದರ ಇಂಗ್ಲಿಷ್ ಹೆಸರನ್ನು ನನ್ನ ಗಂಡ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಮರಾಠಿ ಹೆಸರನ್ನು ಹೇಳಲು ನನಗೆ ಬಿಡುತ್ತಿರಲಿಲ್ಲ. ತೀರಾ ಅಗತ್ಯ ಬಿದ್ದಾಗ ‘ಒಳಗಿಂದು’ ಅನ್ನುತ್ತಿದ್ದೆವು. ಅಂಥ ಮನೆಯಲ್ಲಿ ಒಂದು ಚಳಿಗಾಲದ ಕೊನೆಯಿಂದ ಬೇಸಿಗೆಯ ಕೊನೆಯವರೆಗೆ, ಒಳಗಿಂದು ರೇಷ್ಮೆಯದಿರಬೇಕೋ ಹತ್ತಿಯದಿರಬೇಕೋ ಎಂಬ ಒಂದೇ ಚಿಂತೆ ನಡೆದಿತ್ತು ಎಂದರೆ ಈಗ ನನಗೇ ನಗು ಬರುತ್ತದೆ. ಆಗ ಬಂದಿರಲಿಲ್ಲ. ಮಾವನವರು ಇನ್ನು ಹೆಚ್ಚು ದಿನ ಇರುವುದಿಲ್ಲ ಎಂದೇ ನಾನು ನಂಬಿದ್ದೆ.

ತೊಂಬತ್ತರ ದಶಕದ ನಡುವೆ ಬಾಗಲಕೋಟೆ ಕಡೆಯಿಂದ ಮದುವೆಯಾಗಿ ಪುಣೆಗೆ ಬಂದೆ. ಬಿಬವೇವಾಡಿಯಲ್ಲಿ ಮೂರನೆಯ ಮಹಡಿಯ ಮನೆ. ಎರಡು ಕೋಣೆ, ಒಂದು ಅಡಿಗೆಮನೆ, ಸಂತೆಯ ರಸ್ತೆಗೆ ಮುಖ ಮಾಡಿದ ಒಂದು ಬಾಲ್ಕನಿ. ಮನೆಯಲ್ಲಿ ನಾವಿದ್ದದ್ದು ಮೂವರೇ. ಗಂಡ ಒಂದು ಕಂಪನಿಯಲ್ಲಿ ಗುಮಾಸ್ತ. ಅತ್ತೆಯವರು ನಾನು ಬರುವ ಮೊದಲೇ ತೀರಿಕೊಂಡಿದ್ದರು. ಮಾವನವರು ಪೇಟೆಯ ಒಂದು ಸೀರೆ ಅಂಗಡಿಯಲ್ಲಿ ನಲವತ್ತು ವರ್ಷ ಬಿಳಿಯ ಗಾದಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಸೀರೆ ಬಿಚ್ಚಿ ತೋರಿಸಿದವರು. ಕಣ್ಣು ಮುಚ್ಚಿ ಸೆರಗು ಮುಟ್ಟಿ ಎಲ್ಲಿಯ ಮಗ್ಗದ್ದು ಎಂದು ಹೇಳುತ್ತಿದ್ದರು. ಬಟ್ಟೆಯ ವಿಷಯದಲ್ಲಿ ನಾನೂ ಏನು ಕಡಿಮೆಯವಳಲ್ಲ. ಬಂದ ಆರೇ ತಿಂಗಳಲ್ಲಿ ಹೊಲಿಗೆ ಯಂತ್ರ ತರಿಸಿಕೊಂಡು ನಮ್ಮ ವಸತಿ ಸೊಸೈಟಿಯ ಅರ್ಧ ಹೆಂಗಸರ ಕುಬಸ ನಾನೇ ಹೊಲಿಯುತ್ತಿದ್ದೆ.

ಮಾವನವರು ನನ್ನೊಡನೆ ನೇರವಾಗಿ ಮಾತಾಡುತ್ತಿರಲಿಲ್ಲ. ಸಿಟ್ಟಿನಿಂದಲ್ಲ, ಅದು ಅವರ ಮರ್ಯಾದೆ. ಗೋಡೆಯ ಕಡೆ ನೋಡಿ ಕೆಮ್ಮಿ, “ಚಹಾ ಆಗೇದೇನು?” ಅನ್ನುತ್ತಿದ್ದರು. ನಾನು ಅದೇ ಗೋಡೆಗೆ, “ಆಗೇದ್ರಿ” ಎನ್ನುತ್ತಿದ್ದೆ. ಗೋಡೆಗೆ ನಮ್ಮಿಬ್ಬರ ಮೇಲೂ ಬೇಸರವಾಗಿದ್ದಿರಬೇಕು.

ಅವರ ಬದುಕೆಲ್ಲ ಬೆಳಗಿನ ಪೂಜೆಯಲ್ಲಿತ್ತು. ಮುಕ್ಕಾಲು ತಾಸಿನ ಪೂಜೆ, ಮಡಿಯಲ್ಲಿ. ಮಡಿ ಎಂದರೆ ಹತ್ತಿಯ ಬಟ್ಟೆಯನ್ನು ದಿನವೂ ಒಗೆದು, ಯಾರೂ ಮುಟ್ಟದ ಹಾಗೆ ಎತ್ತರದಲ್ಲಿ ಒಣಗಿಸಿ ಉಡಬೇಕು. ರೇಷ್ಮೆಗೆ ಈ ಕಟ್ಟುಪಾಡಿಲ್ಲ. ಅದನ್ನು ದಿನವೂ ಒಗೆಯುವುದು ಬೇಡ, ಮಡಿಚಿಟ್ಟದ್ದನ್ನು ತೆಗೆದು ಉಟ್ಟರೂ ಮಡಿಯೇ. ಅತ್ತೆಯವರಿದ್ದಾಗ ಬಾಲ್ಕನಿಯ ಚಾವಣಿಗೆ ಒಂದು ಗಳ ಕಟ್ಟಿ, ಕೋಲಿನಿಂದ ಅದರ ಮೇಲೆ ಮಡಿ ಬಟ್ಟೆ ಹಾಕುತ್ತಿದ್ದರಂತೆ. ಅವರು ಹೋದ ಮೇಲೆ ಗಳ ಖಾಲಿಯಾಯಿತು, ಮಾವನವರು ರೇಷ್ಮೆಗೆ ಬಂದರು. ಮೇಲೆ ಮಗುಟ ಎನ್ನುವ ರೇಷ್ಮೆಯ ಪಂಚೆ, ಒಳಗೆ ಹಳೆಯ ಮಗುಟವನ್ನೇ ಹರಿದು ಮಾಡಿಕೊಂಡ ಲಂಗೋಟಿ. ತಾವೇ ಹಿಂಡಿ, ಬಚ್ಚಲ ಬಾಗಿಲ ಹಿಂದೆ ಟವೆಲಿನ ಮರೆಯಲ್ಲಿ ಒಣಗಿಸಿಕೊಳ್ಳುತ್ತಿದ್ದರು. ಅದು ಹೇಗಿದೆ ಎಂದು ನಾನು ಒಂದು ದಿನವೂ ಕಂಡದ್ದಿಲ್ಲ.

ಹೀಗಿರುವಾಗ ಅವರಿಗೆ ಹರ್ನಿಯಾ ಆಪರೇಷನ್ ಆಯಿತು. ಎಲ್ಲ ಸುಸೂತ್ರವಾಗಿ ಮುಗಿಯಿತು. ಮನೆಗೆ ಕಳಿಸುವಾಗ ಡಾಕ್ಟರು ಎರಡು ಮಾತು ಹೇಳಿದರು. ಭಾರ ಎತ್ತಬಾರದು, ಕೈ ಮೇಲೆತ್ತಿ ಎಟುಕಿಸಿಕೊಳ್ಳುವ ಕೆಲಸ ಮಾಡಬಾರದು. ಮತ್ತೆ, ಲಂಗೋಟಿ ಬಿಟ್ಟು ಮೈಗೆ ಸರಿಯಾಗಿ ಹಿಡಿದು ಕೂರುವ, ಹೊಲಿದ ಒಳಚಡ್ಡಿಯನ್ನೇ ಹಗಲೂ ರಾತ್ರಿ ಹಾಕಬೇಕು. ನನ್ನ ಗಂಡ ಸಂತೆಯ ಅಂಗಡಿಯಿಂದ ಹತ್ತಿಯ ಮೂರು ತಂದು, ಏನೋ ಕದ್ದು ತಂದವರ ಹಾಗೆ ಅಪ್ಪನ ದಿಂಬಿನ ಕೆಳಗೆ ಇಟ್ಟರು.

ಮರುದಿನ ಮಾವನವರು ಸ್ನಾನ ಮಾಡಿ ಬಂದು ದೇವರ ಮುಂದೆ ಕುರ್ಚಿ ಹಾಕಿಕೊಂಡು ಕುಳಿತರು. ಮಗನನ್ನು ಕರೆದು, “ಇವತ್ತಿಂದ ಪೂಜಾ ನೀ ಮಾಡು” ಎಂದರು.

“ಯಾಕಪ್ಪಾ, ತ್ರಾಸ ಆಗತದೇನು?”

“ತ್ರಾಸ ಏನಿಲ್ಲ. ಮಡಿ ಅಂದ್ರ ಮ್ಯಾಲಿಂದಷ್ಟ ಅಲ್ಲಪ್ಪಾ. ಒಳಗೂ ಮಡಿ ಇರಬೇಕು. ಇದು ನಾಕು ಮಂದಿ ಅರಿವಿ ಸಂಗಟ ತಂತೀ ಮ್ಯಾಲೆ ಒಣಗೂದು.”

ನನ್ನ ಗಂಡನ ಪೂಜೆಯ ವಿಷಯ ಹೇಳದಿರುವುದೇ ಒಳ್ಳೆಯದು. ಒಂದು ಕಣ್ಣು ಗಡಿಯಾರದ ಮೇಲೆ, ಒಂದು ಕಣ್ಣು ಸ್ಕೂಟರಿನ ಕೀಲಿಯ ಮೇಲೆ. ಹತ್ತು ನಿಮಿಷಕ್ಕೆ ದೇವರು ಮಿಂದು, ಉಂಡು, ಪೆಟ್ಟಿಗೆ ಸೇರುತ್ತಿದ್ದರು. ಮಾವನವರು ಕುರ್ಚಿಯಲ್ಲಿ ಕೈಕಟ್ಟಿ ಕೂತು ನೋಡುತ್ತಿದ್ದರು. ಒಂದೆರಡು ವಾರದಲ್ಲೇ ಮನುಷ್ಯ ಇಳಿದುಹೋದರು. ಪೂಜೆಯಾಗದೆ ಅನ್ನ ಮುಟ್ಟಿದವರಲ್ಲ, ಈಗ ಹಸಿವೆಯೇ ಇಲ್ಲವೆಂದು ಅರ್ಧ ತಾಟು ಬಿಡುತ್ತಿದ್ದರು. ಹಿಂದೆಲ್ಲ ನನ್ನ ಸಾರಿಗೆ ಉಪ್ಪು ಕಡಿಮೆಯಾದರೆ ಗೋಡೆಗೆ ಹೇಳುತ್ತಿದ್ದರು. ಈಗ ಉಪ್ಪೇ ಹಾಕುವುದನ್ನು ಮರೆತ ದಿನವೂ ಸುಮ್ಮನೆ ಉಂಡು ಎದ್ದರು. ನನಗೆ ಅದನ್ನು ನೋಡಲಾಗಲಿಲ್ಲ.

ಒಂದು ಮಧ್ಯಾಹ್ನ ಕುಬಸ ಹೊಲಿಯುತ್ತ ಕೂತಾಗ ಹೊಳೆಯಿತು. ರೇಷ್ಮೆಯಲ್ಲೇ ಹೊಲಿದರೆ? ಡಾಕ್ಟರು ಹೊಲಿದದ್ದಿರಬೇಕು ಎಂದರು, ಮಾವನವರು ಮಡಿಯದ್ದಾಗಿರಬೇಕು ಎಂದರು. ರೇಷ್ಮೆಯ ಒಳಚಡ್ಡಿ ಎರಡೂ ಮಾತನ್ನು ನಡೆಸುತ್ತದೆ. ನನ್ನ ಜಾಣತನಕ್ಕೆ ನಾನೇ ಬೀಗಿದೆ. ಟ್ರಂಕು ತೆಗೆದು ಮಾವಿನಹಣ್ಣಿನ ಬಣ್ಣದ ಸೀರೆ ಹೊರಗೆ ಹಾಕಿದೆ. ಮದುವೆಗೆ ಗಂಡಿನ ಕಡೆಯಿಂದ ಬಂದದ್ದು, ಮಾವನವರೇ ತಮ್ಮ ಅಂಗಡಿಯಲ್ಲಿ ಆರಿಸಿ ತಂದದ್ದು. ನನ್ನಲ್ಲಿದ್ದ ಅಚ್ಚ ರೇಷ್ಮೆ ಅದೊಂದೇ. ಕತ್ತರಿ ಹಿಡಿದು ಸ್ವಲ್ಪ ಹೊತ್ತು ಕೂತಿದ್ದೆ, ಸುಳ್ಳೇಕೆ ಹೇಳಲಿ. ಆಮೇಲೆ ದೇವರ ಮುಂದಿನ ಆ ಕುರ್ಚಿ ನೆನಪಾಗಿ, ಸೆರಗಿನ ಎದುರು ತುದಿಯಿಂದ ಮೂರು ಮೊಳ ಕತ್ತರಿಸಿಬಿಟ್ಟೆ.

ಅಂಗಡಿಯಿಂದ ತಂದದ್ದರಲ್ಲೇ ಒಂದನ್ನು ಅಳತೆಗೆ ಇಟ್ಟುಕೊಂಡೆ. ಇಲಾಸ್ಟಿಕ್ ಬಿಟ್ಟು ಲಾಡಿ ಹಾಕಿದೆ. ದೊಡ್ಡ ಪ್ರಶ್ನೆ ಬಂದದ್ದು ದಡಿಯದು. ದಡಿ ಇಲ್ಲದ ಬಟ್ಟೆ ಪೂಜೆಗೆ ಬರುವುದಿಲ್ಲ ಎಂದು ನಮ್ಮ ಕಡೆ ಹಿಂದಿನಿಂದ ನಡೆದು ಬಂದ ಮಾತು. ಪಂಚೆಗಾಗಲಿ ಸೀರೆಗಾಗಲಿ ಅಂಚು ಇರಲೇಬೇಕು. ಹಾಗಾದರೆ ಇದಕ್ಕೂ ಬೇಕಲ್ಲ. ಮಾವನವರು ಮತ್ತೆ ತಕರಾರು ತೆಗೆಯಬಾರದೆಂದು, ಸೀರೆಯ ಎರಡು ಬೆರಳಗಲದ ಜರಿ ದಡಿಯನ್ನೇ ಕತ್ತರಿಸಿ ತೆಗೆದು, ಕಾಲಿನ ಸುತ್ತ ಅಂದವಾಗಿ ಕೂಡಿಸಿದೆ. ಮೂರು ಹೊಲಿದೆ. ಹೊಲಿಗೆ ಎಷ್ಟು ಚೆಂದ ಬಂದಿತ್ತೆಂದರೆ ಯಾರಿಗಾದರೂ ತೋರಿಸಬೇಕು ಎನ್ನಿಸುತ್ತಿತ್ತು. ತೋರಿಸಲು ಬರುವಂಥ ವಸ್ತುವಲ್ಲ.

ಸಂಜೆ ಗಂಡನ ಕೈಗೆ ಪೊಟ್ಟಣ ಕೊಟ್ಟೆ. ಅವರು ತೆಗೆದು ನೋಡಿ ಬೆವೆತುಹೋದರು.

“ಇದನ್ನ ನಾ ಹೆಂಗ ಕೊಡಲಿ?”

“ಕೈಲೆ ಕೊಡ್ರಿ. ಮತ್ತ ಹೆಂಗ ಕೊಡತೀರಿ?”

ಕೊಟ್ಟರು. ಬೆಳಗ್ಗೆ ನಾನು ಒಲೆಯ ಮುಂದಿದ್ದಾಗ ಗಂಟೆಯ ಶಬ್ದ ಕೇಳಿತು. ಇಣುಕಿ ನೋಡಿದರೆ ಕುರ್ಚಿ ಗೋಡೆಗೆ ಸರಿದಿದೆ, ಮಾವನವರು ಮಗುಟ ಉಟ್ಟು ಮಣೆಯ ಮೇಲೆ ಕೂತಿದ್ದಾರೆ. ಪೂರ್ತಿ ಮುಕ್ಕಾಲು ತಾಸು. ಊಟಕ್ಕೆ ಕುಳಿತವರು ಗೋಡೆಯ ಕಡೆ ನೋಡಿ, “ಸಾರಿಗೆ ಉಪ್ಪು ಕಡಿಮಿ ಆಗೇದ” ಎಂದರು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಉಪ್ಪಿನ ಡಬ್ಬಿ ತರಲು ಓಡಿಹೋದೆ.

ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಯುಗಾದಿ ಕಳೆದು ಬಿಸಿಲು ಏರಿದ ಹಾಗೆ ಮಾವನವರ ನಡಿಗೆ ಬದಲಾಯಿತು. ಕಾಲು ಅಗಲಿಸಿ, ಗೋಡೆ ಹಿಡಿದು ನಡೆಯತೊಡಗಿದರು. ಸಂಜೆ ಸಂತೆಯ ಕಡೆ ಒಂದು ಸುತ್ತು ಹೋಗಿ ಕೊತ್ತಂಬರಿ ತರುತ್ತಿದ್ದವರು ಅದನ್ನು ಬಿಟ್ಟರು. ಪೇಪರನ್ನು ಬಾಲ್ಕನಿಯ ಕಟಾಂಜನಕ್ಕೆ ಒರಗಿ ನಿಂತೇ ಓದುತ್ತಿದ್ದರು. ಪೂಜೆಗೆ ಮಾತ್ರ ಕೂರುತ್ತಿದ್ದರು. ಕೂರುವಾಗ ಒಮ್ಮೆ, ಏಳುವಾಗ ಒಮ್ಮೆ ಬಾಯಿಂದ ಸಣ್ಣಗೆ ‘ಸ್’ ಎಂಬ ಶಬ್ದ ಬರುತ್ತಿತ್ತು. ನಾನು ಅಡಿಗೆಮನೆಯಲ್ಲಿ ಲಟ್ಟಣಿಗೆ ನಿಲ್ಲಿಸಿ ಆ ಶಬ್ದಕ್ಕೆ ಕಾಯುತ್ತಿದ್ದೆ.

ಹರ್ನಿಯಾ ತಿರುಗಿ ಬಂದಿದೆ, ಇಲ್ಲವೇ ಅದಕ್ಕಿಂತ ಕೆಟ್ಟದ್ದೇನೋ ಆಗಿದೆ ಎಂದು ನಾವಿಬ್ಬರೂ ಗಾಬರಿಯಾದೆವು. ಗಂಡ ಕೇಳಿದರೆ, “ಏನೂ ಇಲ್ಲ, ವಯಸ್ಸಾತು” ಎಂಬ ಉತ್ತರ. ಡಾಕ್ಟರ ಹೆಸರು ತೆಗೆದರೆ ಬೇರೆ ಮಾತು ತೆಗೆಯುತ್ತಿದ್ದರು. ಒಂದು ದಿನ ಮಗನನ್ನು ಕರೆದು ದೇವರ ಪೆಟ್ಟಿಗೆಯಲ್ಲಿ ಯಾವ ವಿಗ್ರಹ ಎಲ್ಲಿಡಬೇಕು, ಯಾವ ಹಬ್ಬಕ್ಕೆ ಯಾವ ನೈವೇದ್ಯ ಎಂದೆಲ್ಲ ಬರೆಸಿದರು. ಇದು ಹೋಗುವವರ ತಯಾರಿ ಎಂದುಕೊಂಡೆ. ಇಂದಾಪುರದಲ್ಲಿ ಅವರ ತಂಗಿಯ ಮಗಳ ಮದುವೆ ಬಂತು. ಆ ಹುಡುಗಿಯನ್ನು ಎತ್ತಿ ಆಡಿಸಿದವರು. ಆದರೂ, “ಮೂರು ತಾಸು ಎಸ್‌ಟಿ ಬಸ್ಸಿನೊಳಗ ಕೂಡೂದು ನನ್ನಿಂದ ಆಗೂದಿಲ್ಲ, ನೀವಿಬ್ರೂ ಹೋಗಿ ಬರ್ರಿ” ಎಂದುಬಿಟ್ಟರು. ನಾವೂ ಹೋಗಲಿಲ್ಲ.

ಮದುವೆಯ ಮರುದಿನ ನನಗೆ ಸಿಟ್ಟು ನೆತ್ತಿಗೇರಿತು. ಗಂಡನಿಗೆ ರಜೆ ಹಾಕಿಸಿ, ಕೆಳಗೆ ರಿಕ್ಷಾ ತರಿಸಿ, ಸೀದಾ ಮಾವನವರ ಕೋಣೆಯ ಬಾಗಿಲಲ್ಲಿ ನಿಂತೆ. ಗೋಡೆಯನ್ನು ನೋಡಲಿಲ್ಲ, ಅವರನ್ನೇ ನೋಡಿದೆ.

“ಮಾವನವರ, ರಿಕ್ಷಾ ಬಂದದ. ದವಾಖಾನಿಗೆ ಹೋಗೂದದ. ನಡೀರಿ.”

ಅವರು ಬೆಚ್ಚಿ ನನ್ನನ್ನು ನೋಡಿದರು. ಆಮೇಲೆ ಟೊಪ್ಪಿಗೆ ಹಾಕಿಕೊಂಡರು. ರಿಕ್ಷಾ ಗುಂಡಿಗೆ ಇಳಿದಾಗಲೆಲ್ಲ ಎರಡೂ ಕೈ ಸೀಟಿಗೆ ಊರಿ ಮೈಯನ್ನು ಮೇಲೆತ್ತುತ್ತಿದ್ದರು. ನಾನು ದಾರಿಯುದ್ದಕ್ಕೂ ಮನೆದೇವರಿಗೆ ಒಂದರ ಮೇಲೊಂದು ಹರಕೆ ಹೊತ್ತೆ.

ದವಾಖಾನೆಯಲ್ಲಿ ಅಪ್ಪ ಮಗ ಒಳಗೆ ಹೋದರು. ನಾನು ಹೊರಗಿನ ಬೆಂಚಿನ ಮೇಲೆ ಕೂತೆ. ನಡುವೆ ಹಸಿರು ಪರದೆಯೊಂದೇ. ಡಾಕ್ಟರು ಮರಾಠಿ ಮನುಷ್ಯ, ಮಾತು ಜೋರು, ಎಲ್ಲ ಹೊರಗೆ ಕೇಳುತ್ತಿತ್ತು. ಮೊದಲು ಮಂಚ ಕಿರುಗುಟ್ಟಿತು. ಆಮೇಲೆ ಏನೂ ಇಲ್ಲ.

“ಕಾಕಾ, ಹೇ ಕಾಯ್? ಜರೀಚಾ ಕಾಠ?” ಎಂದಿತು ಡಾಕ್ಟರ ದನಿ. ಏನಿದು, ಜರಿಯ ಅಂಚೇ ಎಂದು ಕೇಳುತ್ತಿದ್ದರು. ಮತ್ತೆ ಡಾಕ್ಟರೇ, “ಹರ್ನಿಯಾ ನಾಹೀ, ಕಾಹೀ ನಾಹೀ” ಎಂದರು. ಆಪರೇಷನ್ ಆದ ಜಾಗ ಗಟ್ಟಿಯಾಗಿದೆ, ಒಳಗೆ ಏನೂ ಆಗಿಲ್ಲ. ಜರಿಯ ತಂತಿ ತೊಡೆಯ ಸಂದಿಗೆ ಉಜ್ಜಿ ಉಜ್ಜಿ ಚರ್ಮ ಹೋಗಿದೆ, ಅದರ ಮೇಲೆ ಬೇಸಿಗೆಯ ಬೆವರು ನಿಂತು ಹುಣ್ಣಾಗಿದೆ. ರೇಷ್ಮೆ ಬಿಡಿ, ಹತ್ತಿ ಹಾಕಿ, ಮುಲಾಮು ಹಚ್ಚಿ, ಎಂಟು ದಿನಕ್ಕೆ ಓಡಾಡುತ್ತೀರಿ. ಇಷ್ಟು ಹೇಳಿ ಕೇಳಿದರು:

“ಪಣ್ ಹೀ ಶಿವಲೀ ಕುಣೀ?”

ಇದನ್ನು ಹೊಲಿದವರು ಯಾರು ಎಂದು. ಪರದೆಯಾಚೆ ನನ್ನ ಗಂಡ ಕೆಮ್ಮಿದರು. ಮಾವನವರು ಮೆಲ್ಲಗೆ, “ಸುನೇನೆ” ಎಂದರು. ಸೊಸೆ ಹೊಲಿದದ್ದು.

“ಮಗ ತಿಲಾ ಸಾಂಗಾಯ್ಚಂ ನಾ, ಕಾಕಾ.” ಅವಳಿಗೆ ಹೇಳಬಾರದಿತ್ತೇ, ಎರಡು ತಿಂಗಳು ಯಾಕೆ ಹೀಗೆ ಸಹಿಸಿಕೊಂಡಿರಿ ಎಂದು ಡಾಕ್ಟರು ಗದರಿದರು.

ಮಾವನವರ ದನಿ ಇನ್ನೂ ಸಣ್ಣದಾಯಿತು. “ತಿನೆ ಲಗ್ನಾಚೀ ಸಾಡೀ ಕಾಪಲೀ. ಕಸಂ ಸಾಂಗಣಾರ್?”

ಮದುವೆಯ ಸೀರೆ ಕತ್ತರಿಸಿದ್ದಾಳೆ ಅವಳು, ಹೇಗೆ ಹೇಳಲಿ ಎಂದಿದ್ದರು. ಪೊಟ್ಟಣ ಬಿಚ್ಚಿದ ಆ ಸಂಜೆಯೇ ಅವರ ಬೆರಳಿಗೆ ಆ ಸೀರೆಯ ಗುರುತು ಸಿಕ್ಕಿತ್ತು. ಅಷ್ಟು ದಿನದ ‘ಸ್’ ಎಲ್ಲ ನನ್ನ ಮನಸ್ಸು ನೋಯಬಾರದೆಂದು ನುಂಗಿಕೊಂಡದ್ದು. ನಾನು ಬೆಂಚಿನ ಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಸಾಯುವಂಥದ್ದು ಏನೂ ಇಲ್ಲವೆಂದು ಜೀವ ಹಗುರಾಗಿ ನಗು ಒತ್ತರಿಸಿಕೊಂಡು ಬರುತ್ತಿತ್ತು, ಅದರ ಹಿಂದೆಯೇ ಅಳುವೂ ಬಂತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಏನೋ ಕೆಟ್ಟ ಸುದ್ದಿ ಎಂದುಕೊಂಡು ನನ್ನ ಬೆನ್ನು ಸವರಿದಳು.

ಹಿಂತಿರುಗುವಾಗ ರಿಕ್ಷಾದಲ್ಲಿ ಮೂವರೂ ಮೂರು ಕಡೆ ನೋಡುತ್ತಿದ್ದೆವು. ಎಲ್ಲ ನನಗೆ ಕೇಳಿದೆಯೆಂದು ಮಾವನವರಿಗೆ ಗೊತ್ತಾಗಿತ್ತು. ಅವರ ಕಿವಿ ಕೆಂಪಾಗಿತ್ತು. ನನಗಂತೂ ಸಮಾಧಾನವಾದ ಮೇಲೆ ಸಿಟ್ಟು ಬರುವ ರೋಗ.

“ಒಂದು ಮಾತು ಹೇಳಬಾರದೇನ್ರಿ? ನಾವು ಏನೇನು ತಿಳಕೊಂಡಿದ್ವಿ” ಎಂದೆ.

“ಹೇಳೂ ಅಂಥಾ ಮಾತೇನು ಅದು?” ಎಂದರು, ರಸ್ತೆಯನ್ನು ನೋಡುತ್ತ. ಆಮೇಲೆ, “ಆತು. ಇನ್ನ ಹತ್ತೀದ ಹಾಕತೇನಿ. ಪೂಜಾ ಅಂವ ಮಾಡತಾನ” ಎಂದರು. ಗಂಡ ಪಾಪ, ಮತ್ತೆ ಗಡಿಯಾರ ನೋಡಿಕೊಂಡರು.

ಮತ್ತೆ ಆ ಕುರ್ಚಿಯೇ? ನನಗೆ ತಡೆಯಲಾಗಲಿಲ್ಲ. “ಗಳ ಇನ್ನೂ ಅಲ್ಲೇ ಅದಲ್ರಿ. ನಿಮಗ ಕೈ ಎತ್ತೂದು ಬ್ಯಾಡ. ನಾ ದಿನಾ ಸ್ನಾನ ಮಾಡಿ ಮಡೀಲೆ ಒಗದು, ಮಡೀಲೆ ಗಳದ ಮ್ಯಾಲೆ ಹಾಕತೇನಿ. ಹತ್ತಿ ಹಂಗ ಒಣಗಿದ್ರ ಮಡಿ ಹೌದಲ್ರಿ?”

“ನೀ? ಅದನ್ನ?” ಮಾವನವರು ರಸ್ತೆ ಬಿಟ್ಟು ನನ್ನ ಕಡೆ ತಿರುಗಿದರು. “ಎದರಿಗೆ ಸಂತೀ ಮಂದಿ ಎಲ್ಲಾ ನೋಡತಾರ.”

“ನೋಡ್ಲಿ ಬಿಡ್ರಿ. ಅವರೂ ಹಾಕ್ಕೊಂಡೇ ಸಂತಿಗೆ ಬಂದಿರತಾರ.”

ರಿಕ್ಷಾದವನಿಗೆ ಕನ್ನಡ ಬರುತ್ತಿರಲಿಲ್ಲ, ದೇವರು ದೊಡ್ಡವನು. ಮಾವನವರು ಮತ್ತೆ ರಸ್ತೆಯ ಕಡೆ ತಿರುಗಿದರು. ತಡೆಯಾಗಿದ್ದದ್ದು ಶಾಸ್ತ್ರವಲ್ಲ, ನಾಚಿಕೆ ಎಂದು ನನಗೆ ಆಗ ತಿಳಿಯಿತು. ಹತ್ತಿಯೂ ಮಡಿಗೆ ಬರುತ್ತದೆಂದು ಅವರಿಗೆ ಮೊದಲೇ ಗೊತ್ತಿತ್ತು. ಸೊಸೆಗೆ ಹೇಳಲು ಬಾಯಿ ಬಂದಿರಲಿಲ್ಲ, ಅಷ್ಟೇ. ಮನೆಯ ಮೆಟ್ಟಿಲು ಹತ್ತುವಾಗ, “ಕೋಲು ಕಪಾಟಿನ ಹಿಂದದ” ಎಂದರು.

ಅವರದೇ ಹಳೆಯ ತೆಳು ಪಂಚೆಯಿಂದ ಮೂರು ಹೊಲಿದೆ. ಜರಿಯ ಸಹವಾಸ ಬೇಡವೆಂದು ಪಂಚೆಯ ಹತ್ತಿಯ ಕೆಂಪು ಅಂಚನ್ನೇ ಸಣ್ಣಗೆ ಮಡಿಚಿ, ಮೈಗೆ ತಾಗದ ಹಾಗೆ ಸೊಂಟದ ಹೊರಗಡೆ ಕೂಡಿಸಿದೆ. ಈ ಸಲ ಪೊಟ್ಟಣವನ್ನು ನಾನೇ ಕೊಟ್ಟೆ. ಅವರು ಬಟ್ಟೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ತಿಕ್ಕಿ ನೋಡಿ, “ಒಗದು ಒಗದು ಚಲೋ ಮೆತ್ತಗ ಆಗೇದ” ಎಂದರು. ಅಂಗಡಿಯಲ್ಲಿ ಗಿರಾಕಿಗೆ ಹೇಳುತ್ತಿದ್ದ ದನಿ ಅದು. ಮರುದಿನದಿಂದ ಸಂತೆಯ ರಸ್ತೆಯ ಮೇಲೆ, ಗಳದ ತುದಿಯಲ್ಲಿ, ಕೆಂಪಂಚಿನ ಒಳಚಡ್ಡಿ ಹಾರಾಡತೊಡಗಿತು. ನಾನು ಮುಟ್ಟಬಾರದ ದಿನಗಳಲ್ಲಿ ಆ ಕೆಲಸ ಗಂಡನದು. ಒಮ್ಮೆ ಅವರ ಕೋಲಿನಿಂದ ಜಾರಿ ಕೆಳಗೆ ಬದನೆಕಾಯಿ ಮಾರುವವಳ ಬುಟ್ಟಿಗೆ ಬಿತ್ತು. ಆಕೆ ಅದನ್ನು ಎತ್ತಿ ಹಿಡಿದು ಮೂರು ಮಹಡಿಗೂ ಕೇಳುವಂತೆ ಯಾರದಿದು ಎಂದು ಕೂಗಿದಳು. ನಮ್ಮವರು ಬಾಗಿಲು ಹಾಕಿಕೊಂಡು ಒಳಗೆ ಕೂತರು. ನಾನು ಹೋಗಿ ತಂದೆ.

ಎಂಟು ದಿನ ಬೇಕಾಗಲಿಲ್ಲ. ಆರನೆಯ ದಿನ ಪೂಜೆಗೆ ಕೂತಾಗ ‘ಸ್’ ಎಂಬ ಶಬ್ದ ಕೇಳಲಿಲ್ಲ. ನಾನು ಲಟ್ಟಣಿಗೆ ಹಿಡಿದೇ ನಿಂತಿದ್ದೆ. ಏಳುವಾಗಲೂ ಇಲ್ಲ. ರಿಕ್ಷಾದಲ್ಲಿ ಹೊತ್ತಿದ್ದ ಹರಕೆಗಳನ್ನೆಲ್ಲ ಆ ದಿನ ಒಂದು ಚೀಟಿಯಲ್ಲಿ ಬರೆದುಕೊಂಡೆ, ಮರೆತುಹೋದೀತೆಂದು.

ಆ ವರ್ಷ ದೀಪಾವಳಿಗೆ ನಾಲ್ಕು ದಿನ ಇರುವಾಗ ಮಾವನವರು ಒಬ್ಬರೇ ಬಸ್ಸು ಹತ್ತಿ ಪೇಟೆಗೆ ಹೋದರು. ಹೇಳದೆ ಹೋಗಿದ್ದರು. ಮಧ್ಯಾಹ್ನ ದಾಟಿದರೂ ಬರಲಿಲ್ಲ, ನಾನು ಬಾಲ್ಕನಿಗೂ ಬಾಗಿಲಿಗೂ ತಿರುಗಿ ಕಾಲು ಸೋತೆ. ನಾಲ್ಕಕ್ಕೆ ಬಂದರು, ಬಗಲಲ್ಲಿ ಒಂದು ಕಾಗದದ ಕಟ್ಟು.

“ಎಲ್ಲೆ ಹೋಗಿದ್ರಿ?” ಎಂದೆ. ಗೋಡೆಗಲ್ಲ.

“ಅಂಗಡಿಗೆ. ಭಾಳ ದಿನಾ ಆಗಿತ್ತು. ಗಾದೀ ಮ್ಯಾಲೆ ಮೂರು ತಾಸು ಕೂತಿದ್ದೆ ನೋಡು, ಚಕ್ಕಳಮಕ್ಕಳ ಹಾಕಿ. ಏನೂ ಆಗಲಿಲ್ಲ.”

ಮೂರು ತಾಸು ಎಂಬುದನ್ನು ಎರಡೆರಡು ಸಲ ಹೇಳಿದರು. ಆಮೇಲೆ ಅಡಿಗೆಮನೆಯ ಹೊಸ್ತಿಲ ಬಳಿ ನೆಲದ ಮೇಲೆಯೇ ಕೂತು ಕಟ್ಟು ಬಿಚ್ಚಿ, ಗಿರಾಕಿಯ ಮುಂದೆ ಹಾಸುವ ಹಾಗೆ ಒಂದೇ ಕೊಡವಿಗೆ ಸೀರೆಯನ್ನು ನನ್ನ ಮುಂದೆ ಹಾಸಿದರು. ಅದೇ ಮಾವಿನಹಣ್ಣಿನ ಬಣ್ಣ, ಅದೇ ಎರಡು ಬೆರಳಗಲದ ಜರಿ ದಡಿ. ಅದರ ಜೋಡಿಯನ್ನು ಹುಡುಕಲು ಅಂಗಡಿಯ ಕಪಾಟುಗಳನ್ನೆಲ್ಲ ತೆಗೆಸಿದ್ದರಂತೆ.

ಅವರು ದಡಿಯ ಮೇಲೆ ಒಮ್ಮೆ ಬೆರಳಾಡಿಸಿ, ನನ್ನ ಮುಖ ನೋಡಿ ಹೇಳಿದರು:

“ಇದನ್ನ ನೀನ ಉಟಗೋಬೇಕವಾ. ಇದಕ್ಕ ಕತ್ತರಿ ಹಚ್ಚಬ್ಯಾಡ.”

ಹಚ್ಚುವುದಿಲ್ಲವೆಂದು ತಲೆಯಾಡಿಸಿದೆ. ಸೀರೆ ನೋಡಬೇಕಾದವಳು ನಾನು, ಆದರೆ ನೆಲದ ಮೇಲೆ ಮಡಿಚಿಕೊಂಡು ಆರಾಮಾಗಿ ಕೂತಿದ್ದ ಅವರ ಕಾಲುಗಳನ್ನೇ ನೋಡುತ್ತಿದ್ದೆ.